ಬಾವಿಯೊಳಗೆ ಕೈ ಹಿಡಿದವರು

ಮಗಳು ರೇಷ್ಮಾ ತೀರಿಕೊಂಡ ಸುದ್ದಿ ಬಂದಾಗ ನಾನು ಹುನ್ನೂರಿನ ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಹಗ್ಗ ಬಿಗಿಯುತ್ತಿದ್ದೆ. ಮುಂಜಾನೆಯ ಮಂಜು ಇನ್ನೂ ಕರಗಿರಲಿಲ್ಲ. ಅಳಿಯ ಗುರುಪಾದನ ಫೋನು. “ಮಾಮಾ, ಲಗೂನ ಬರ್ರಿ” ಎಂದವನಿಗೆ ಮುಂದೆ ಮಾತಾಡಲಾಗಲಿಲ್ಲ. ಬೇರೆ ಯಾರೋ ಫೋನು ಇಸಿದುಕೊಂಡು ಹೇಳಿದರು. ಬನಹಟ್ಟಿಯ ತನ್ನ ಶಾಲೆಗೆ ಸ್ಕೂಟಿಯಲ್ಲಿ ಹೊರಟವಳು, ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಹಿಂದಿನಿಂದ ಬಡಿದಿದ್ದಳು. ಟ್ರ್ಯಾಲಿಗೆ ದೀಪವಿರಲಿಲ್ಲ, ಒಂದು ಕೆಂಪು ಬಟ್ಟೆಯೂ ಇರಲಿಲ್ಲ.

ಅಳಿಯನ ಹೊಲದಲ್ಲಿ ಮಣ್ಣು ಮಾಡಿದೆವು. ಸತ್ತವರಿಗೆ ಪ್ರೀತಿಯಾದದ್ದನ್ನು ಅವರ ಜೊತೆ ಇಡುವ ಪದ್ಧತಿ ನಮ್ಮಲ್ಲಿ ಉಂಟು. ನನ್ನ ತಂದೆಯ ಜೊತೆ ಅವನ ಎಲೆ-ಅಡಿಕೆಯ ಸಂಚಿ ಇಟ್ಟಿದ್ದೆವು. ಗುರುಪಾದ ಸ್ಕೂಟಿಯ ಸೀಟಿನ ಕೆಳಗೆ ಸಿಕ್ಕ ಒಂದು ಹಳೆಯ ಪುಸ್ತಕ ತಂದು ಅವಳ ಕೈಯ ಕೆಳಗೆ ಇಟ್ಟ. ಗಳಗಳನೆ ಅತ್ತ. ಸುತ್ತ ನಿಂತವರು ಫೋನಿನಲ್ಲಿ ಫೋಟೊ ಹಿಡಿದರು. “ಹೇಂತಿ ಮ್ಯಾಲ ಎಷ್ಟ ಜೀವ ನೋಡ್ರಿ” ಎಂದಳು ಒಬ್ಬ ಹೆಣ್ಣುಮಗಳು. 

ಮಗಳು ಬದುಕಿದ್ದಾಗ ಇದೇ ಗುರುಪಾದ ಅಂಥ ಪುಸ್ತಕಗಳನ್ನು ಮನೆಯ ಕಪಾಟಿನಲ್ಲಿ ಇಡಗೊಟ್ಟಿರಲಿಲ್ಲ. “ಕಳ್ಳರ ಪುಸ್ತಕಾ, ದೆವ್ವದ ಪುಸ್ತಕಾ ಓದಿ ಹುಡುಗ್ರು ಏನ ಆಗ್ತಾರ? ಕಳ್ಳರ ಆಗ್ತಾರ” ಎಂದು ಊಟಕ್ಕೆ ಕೂತಾಗೆಲ್ಲ ನಗಾಡುತ್ತಿದ್ದ. ಮುಧೋಳದಲ್ಲಿ ನೌಕರಿ ಇದ್ದವನು. ನಾಲ್ಕು ಜನರೆದುರು ಹೇಳಿದರೆ ಆ ನಗೆ ಇನ್ನೂ ದೊಡ್ಡದಾಗುತ್ತಿತ್ತು. ರೇಷ್ಮಾ ಮಾತ್ರ ಅವನ ತಾಟಿಗೆ ರೊಟ್ಟಿ ಹಾಕಿ, “ನೀವು ಒಂದ ಓದಿ ನೋಡ್ರಿ, ಆಮ್ಯಾಲ ಬೈರಿ” ಎನ್ನುತ್ತಿದ್ದಳು. ಅವನು ಓದಲಿಲ್ಲ.

ಮೂರನೆಯ ದಿನ ಮಣ್ಣಿನ ಮೇಲೆ ಹಾಲು-ತುಪ್ಪ ಎರೆದು ಬಂದು ಅಂಗಳದಲ್ಲಿ ಕೂತಿದ್ದೆವು. ಅವಳ ಆರನೆಯ ಇಯತ್ತೆಯ ಮಕ್ಕಳು ಬಂದು ಬಾಗಿಲ ಹತ್ತಿರ ಗುಂಪಾಗಿ ನಿಂತರು. ಮಗ್ಗದವರ ಮಕ್ಕಳು. ಅವರಲ್ಲಿ ಶೇವಂತಿ ಎಂಬ ಹುಡುಗಿ ನನ್ನ ಬಳಿ ಬಂದಳು.

“ಅಜ್ಜಾರ, ಟೀಚರ್ ಒಂದ ಪುಸ್ತಕ ನನಗ ಕೊಡ್ತೀನಂದಿದ್ರು. ಮನ್ಯಾಗ ಐತೇನ್ರಿ?”

“ಏ, ಇವತ್ತ ಕೇಳ್ತಾರೇನಲೇ ಅದನ್ನ!” ಎಂದು ಹಿಂದಿನಿಂದ ಯಾರೋ ಅವಳ ಜಡೆ ಎಳೆದರು.

“ಯಾವ ಪುಸ್ತಕ ಬೇ?” ಎಂದೆ.

“ಬಾವಿದು. ವಾಡೇದ ಹಿಂದ ಮೆಟ್ಟಲ ಬಾವಿ ಇರತೈತ್ರಿ. ಅದರಾಗ ಒಂದ ಹುಡಗಿ ತನ್ನ ತಮ್ಮನ ಹುಡಕ್ಕೋತ ಇಳಿತಾಳ. ನಟ್ಟನಡುವ ಕಂದೀಲ ಆರತೈತಿ. ಕತ್ತಲಾಗ ಯಾರೋ ಆಕಿ ಕೈ ಹಿಡಿತಾರ. ಅಲ್ಲಿಗೆ ಟೀಚರ್ ಪುಸ್ತಕ ಮುಚ್ಚಿದ್ರು. ನಾನ ಮೊದಲ ಕೇಳಿದ್ದೆ, ಹರದ ರಟ್ಟ ಅಂಟಿಸಿ ನಾಳೆ ಕೊಡ್ತೀನಂತ ಸ್ಕೂಟಿ ಸೀಟಿನ ಕೆಳಗ ಇಟಗೊಂಡ ಹೋದ್ರು.”

ಮಕ್ಕಳಿಗೆ ಪುಸ್ತಕ ಹಚ್ಚುವ ಅವಳ ರೀತಿಯೇ ಅದಾಗಿತ್ತು. ‘ಇದು ಒಳ್ಳೆಯದು, ಓದಿ’ ಎಂದು ಎಂದೂ ಹೇಳಿದವಳಲ್ಲ. ಎದೆ ಬಡಿದುಕೊಳ್ಳುವ ಜಾಗದವರೆಗೆ ತಾನೇ ಓದುವಳು, ಮುಚ್ಚುವಳು, ಕಿಟಕಿಯ ಕಟ್ಟೆಯ ಮೇಲಿಟ್ಟು ಗಣಿತ ಶುರು ಮಾಡುವಳು. ಶಾಲೆ ಬಿಟ್ಟ ಮೇಲೆ ಮೊದಲು ಬಂದು “ಮುಂದ ಏನಾತ್ರಿ?” ಎಂದವರಿಗೆ ಆ ಪುಸ್ತಕ. ಇದನ್ನು ಅವಳು ಎಲ್ಲಿಂದಲೋ ಕಲಿತದ್ದಲ್ಲ. ಬೀರಪ್ಪನ ಗುಡಿಯ ಮುಂದೆ ನಮ್ಮ ಡೊಳ್ಳಿನ ಮೇಳ ಇನ್ನೊಂದು ಊರಿನ ಮೇಳದ ಎದುರು ಕಥೆ ಹಾಡುತ್ತ, ನಡುವೆ ಒಂದು ಸವಾಲು ಹಾಕಿ ಕೂತುಬಿಡುತ್ತದೆ. ಎದುರಿನವರು ಜವಾಬು ಹಾಡಬೇಕು. ಅವರಿಗೆ ಬಾರದಿದ್ದರೆ ಹಾಕಿದವರೇ ಹಾಡಿ ಮುಗಿಸಬೇಕು. ಸವಾಲು ಹಾಕಿ ಜವಾಬಿಲ್ಲದೆ ಎದ್ದುಹೋಗುವುದು ದೇವರ ಮುಂದೆ ಸಲ್ಲದು. ಫ್ರಾಕು ಹಾಕಿಕೊಂಡು ನನ್ನ ಡೊಳ್ಳಿನ ಪಕ್ಕದಲ್ಲಿ ಕೂತು ಅವಳು ಇದನ್ನೆಲ್ಲ ಕೇಳಿ ಬೆಳೆದವಳು.

ಈಗ ಅವಳೇ ಸವಾಲು ಹಾಕಿ ಎದ್ದುಹೋಗಿದ್ದಳು. ಜವಾಬು ಅವಳ ಕೈಯ ಕೆಳಗೆ ಮಣ್ಣಿನಲ್ಲಿತ್ತು.

 ಮಗಳ ಜೀವ ಆ ಕತ್ತಲ ಮೆಟ್ಟಿಲ ಮೇಲೆಯೇ ನಿಂತಿದೆ ಎನ್ನಿಸಿತು. ಜಮಖಂಡಿಗೆ ಹೋಗಿ ಪುಸ್ತಕದ ಅಂಗಡಿಗಳಲ್ಲಿ ವಿಚಾರಿಸಿದೆ. ಹೆಸರು ಯಾರಿಗೂ ತಿಳಿಯದು, ಹೊದಿಕೆ ಹರಿದ ಪುಸ್ತಕವಂತೆ. ಅಂಗಡಿಯವನೊಬ್ಬ, “ಅಂಥಾವು ಈಗ ಯಾರ ಕೇಳ್ತಾರ್ರಿ ಅಜ್ಜಾರ? ನವೋದಯ ಪರೀಕ್ಷಾದ ಗೈಡ್ ಐತಿ, ಒಯ್ರಿ” ಎಂದ. ಶಾಲೆಗೂ ಹೋದೆ. ಅವಳು ಕೂಡಿಸಿದ್ದ ಪುಸ್ತಕಗಳು ಕಪಾಟಿನಲ್ಲಿರಲಿಲ್ಲ, ಗೋಣಿಚೀಲದಲ್ಲಿದ್ದವು. ಕಪಾಟಿಗೆ ಅವಳ ಹೆಸರು ಬರೆಸುತ್ತಾರಂತೆ, ಒಳಗೆ ನೀತಿಯ ಪುಸ್ತಕ ಇಡುತ್ತಾರಂತೆ. ಚೀಲವನ್ನೆಲ್ಲ ಸುರುವಿ ನೋಡಿದೆ. ಬಾವಿಯ ಕಥೆಯ ಇನ್ನೊಂದು ಪ್ರತಿ ಇರಲಿಲ್ಲ.

ಕೊನೆಗೆ ಗುರುಪಾದನನ್ನು ಕೇಳಿದೆ. “ಆ ಕಥಿ ನಿನಗೇನರ ಹೇಳಿದ್ಲೇನಪಾ?”

“ಹೇಳಾಕ ಬರ್ತಿದ್ಲ್ರಿ ಮಾಮಾ. ನಾ ಎಲ್ಲಿ ಕೇಳೀನಿ?”

“ಹಂಗಾರ ಮಣ್ಣ ತಗಸೂಣು. ಪುಸ್ತಕ ತಗೊಂಡ ಮತ್ತ ಮುಚ್ಚೂಣು.”

ಅವನ ಮುಖ ಬಿಳಿಚಿತು. “ಹುಚ್ಚ ಹಿಡದೈತೇನ್ರಿ ನಿಮಗ? ಜನಾ ಏನಂದಾರು!”

ಜನ. ಅವಳ ಪುಸ್ತಕಕ್ಕೆ ನಕ್ಕದ್ದೂ ಜನರಿಗಾಗಿ, ಮಣ್ಣಿಗೆ ಇಟ್ಟದ್ದೂ ಜನರಿಗಾಗಿ. ಬಾಯಿಗೆ ಬಂದದ್ದನ್ನು ನುಂಗಿದೆ. 

ಮಗಳ ದಿನಕರ್ಮದ ಊಟಕ್ಕೆ ಆ ಮಕ್ಕಳನ್ನೆಲ್ಲ ಕರೆಸಿದೆ. ಫೋಟೊದ ಮುಂದೆ ಎಡೆ ಇಟ್ಟ ಮೇಲೆ ಡೊಳ್ಳು ತಂದು ಅಂಗಳದಲ್ಲಿ ಕೂತೆ. “ನಿಮ್ಮ ಟೀಚರ್ ಸವಾಲ ಹಾಕ್ಯಾಳ. ನೀವು ಎದರಿನ ಮ್ಯಾಳದವರು. ಜವಾಬ ನೀವ ಕೊಡಬೇಕು. ಬಾವ್ಯಾಗ ಕೈ ಹಿಡದವರು ಯಾರು?”

“ಕಳ್ಳ್ರಿ!” ಎಂದ ಒಬ್ಬ. “ಕಳ್ಳ ಯಾಕ ಕೈ ಹಿಡಿತಾನೋ, ಬಾಯಿ ಹಿಡಿತಾನ” ಎಂದಳು ಇನ್ನೊಬ್ಬಳು. “ದೆವ್ವ!” “ದೆವ್ವಕ್ಕ ಕೈ ಎಲ್ಲಿರ್ತಾವಲೇ, ಹುಚ್ಚಾ!” ಸೂತಕದ ಮನೆ ಎಂಬುದನ್ನು ಮರೆತು ಜಗಳಾಡಿದರು. ಹಿರಿಯರು ಗದರಿಸಲು ಹೋದಾಗ ನಾನು ತಡೆದೆ.

ಎಲ್ಲರ ಮಾತು ಮುಗಿದ ಮೇಲೆ ಶೇವಂತಿ ಮುಂದೆ ಬಂದಳು. ಆಮೇಲೆ ಹೇಳಿದಳು. “ಆಕಿ ತಮ್ಮನೂ ಅಲ್ರಿ. ಆಕಿಗಿಂತ ಮೊದಲ ಇಳದಾಕಿ ಇನ್ನೊಬ್ಬಾಕಿ ಇದ್ಲು. ಆಕಿ ಕಂದೀಲಾನೂ ಆರಿತ್ತು. ಯಾರರ ಬರ್ತಾರಂತ ಅಲ್ಲೇ ಕುಂತಿದ್ಲು. ಅಂಜಿದಾಕೀನ ಇನ್ನೊಬ್ಬ ಅಂಜಿದಾಕಿ ಕೈ ಹಿಡದಾಳ.”

 ಆಗ ಬಾಗಿಲಲ್ಲಿ ನಿಂತಿದ್ದ ಗುರುಪಾದ ಕೇಳಿದ. “ಮುಂದ ಏನಾತು?”

ರೇಷ್ಮಾ ಬದುಕಿದ್ದಾಗ ಕೇಳಿದ್ದರೆ ಅವಳ ಮುಖ ಎಷ್ಟು ಅರಳುತ್ತಿತ್ತು! ನಾನು ಅವನ ಕಡೆ ತಿರುಗಿ ನೋಡಲಿಲ್ಲ. ಶೇವಂತಿಗೂ ಅಷ್ಟೇ ಗೊತ್ತಿತ್ತು.

ಪುಸ್ತಕದಲ್ಲಿ ಇದ್ದದ್ದು ಇದೇ ಹೌದೋ ಅಲ್ಲವೋ, ನನಗೆ ತಿಳಿಯುವಂತಿಲ್ಲ. ಸವಾಲಿಗೆ ಜವಾಬು ಬಂತೆಂದು ಡೊಳ್ಳಿಗೆ ಪೆಟ್ಟು ಹಾಕಿದೆ. 

ಬೀರಪ್ಪಾ, ಎದುರಿನ ಮೇಳ ಜವಾಬು ಹೇಳಿದೆ, ನೀನೂ ಕೇಳಿದ್ದೀ. ನನ್ನ ಮಗಳನ್ನು ಸಭೆಯಿಂದ ಎದ್ದು ಹೋದವಳೆಂದು ಎಣಿಸಬೇಡ. ನನ್ನ ಎದೆಯ ಕಹಿ ನನಗಿರಲಿ, ಅದನ್ನು ಅವಳ ಲೆಕ್ಕಕ್ಕೆ ಹಿಡಿಯಬೇಡ. ಅವಳು ಇಳಿದ ಮೆಟ್ಟಿಲು ಕತ್ತಲೆಯಾಗಿದ್ದರೆ ಅಲ್ಲಿ ನೀನೇ ಮೊದಲು ಇಳಿದು ಕೂತಿರು. ಅಂಜಿದಾಗ ಅವಳ ಕೈ ಹಿಡಿ. ಅವಳಿಗೆ ಶಾಂತಿ ಕೊಡು, ನನ್ನಪ್ಪಾ.