ನಿಧಾನ, ಧಣಿ

ಆ ಮನೆಯಲ್ಲಿ ಕೆಲಸದವರು ಒಬ್ಬೊಬ್ಬರಾಗಿ ಕಮ್ಮಿಯಾದಂತೆಲ್ಲ ಅಲ್ಲಿ ವಾಸವಾಗಿದ್ದವರ ಸ್ವಾವಲಂಬನೆ ಹೆಚ್ಚುತ್ತಾ ಹೋಯಿತು. ಹಾಗಂತ ಮ್ಯಾನೇಜರು ಹೇಳುತ್ತಿದ್ದರು. ಬಟ್ಟೆ ಒಗೆಯುವವಳು ಬಿಟ್ಟುಹೋದಾಗ ಎಲ್ಲರೂ ಬಟ್ಟೆಯ ವಿಷಯದಲ್ಲಿ ಸ್ವಾವಲಂಬಿಗಳಾದರು. ಅಂದರೆ ಹಾಕಿದ ಅಂಗಿಯನ್ನೇ ಹಾಕಿಕೊಂಡರು. ವಾಕಿಂಗ್ ಕರೆದೊಯ್ಯುವವನು ಬಿಟ್ಟಾಗ ಕಿಟಕಿಯಿಂದ ರಸ್ತೆ ನೋಡುವುದರಲ್ಲಿ ಸ್ವಾವಲಂಬಿಗಳಾದರು. ಕೊನೆಗೆ ಹಗಲು ಪಾಳಿಗೆ ಉಳಿದವಳು ಅಕ್ಕ ಒಬ್ಬಳೇ. ಅದು ಬುದ್ಧಿಯ ಬೆಳವಣಿಗೆ ಕುಂಠಿತವಾದ ದೊಡ್ಡವರನ್ನು ನೋಡಿಕೊಳ್ಳುವ ಮನೆ; ಎಂಟು ಮಂದಿ ಅಲ್ಲಿದ್ದರು. ಅರ್ಧಕ್ಕರ್ಧ ಮಂದಿ ಅವಳಿಗಿಂತ ಹಿರಿಯರು. ಆದರೂ ಎಲ್ಲರ ಬಾಯಲ್ಲೂ ಅವಳು ಅಕ್ಕನೇ.

ಎಂಟರಲ್ಲಿ ಇಬ್ಬರ ಮೇಲೆ ಅವಳಿಗೆ ಸದಾ ಕಣ್ಣು. ಧಣಿ ನಲವತ್ತು ದಾಟಿದ ಭಾರೀ ಆಳು, ಕಾಲ ಮೇಲೆ ಕಾಲು ಹಾಕಿ ಕೂರುವ ಗತ್ತಿಗೆ ಆ ಹೆಸರು. ತಟ್ಟೆ ಕಂಡರೆ ಅಗಿಯದೆ ತುರುಕಿಕೊಳ್ಳುತ್ತಿದ್ದ; ಉಸಿರು ಕಟ್ಟಿ ಆಸ್ಪತ್ರೆ ಕಂಡು ಬಂದವನು. ಪ್ರತಿ ತುತ್ತಿಗೂ ಪಕ್ಕದಲ್ಲಿ ಕೂತು "ನಿಧಾನ, ಧಣಿ" ಅನ್ನಬೇಕು. ಆಗ ಚಮಚ ಕೆಳಗಿಟ್ಟು, ಅಗಿದು, ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದ. ಇನ್ನೊಬ್ಬಳು ಗುಬ್ಬಿ. ಅವಳಿಗೆ ಫಿಟ್ಸ್ ಯಾವಾಗ ಬರುತ್ತದೋ ಹೇಳುವಂತಿರಲಿಲ್ಲ. ಸ್ನಾನದ ತೊಟ್ಟಿಯಲ್ಲಿ ಒಂಟಿಯಾಗಿ ಬಿಡುವಂತೆಯೂ ಇರಲಿಲ್ಲ.

"ಸಾರ್, ಧಣಿ ಊಟ ಮಾಡ್ತಿರುವಾಗ್ಲೇ ಗುಬ್ಬಿ ಬಟ್ಟೆ ಗಲೀಜು ಮಾಡ್ಕೊಂಡ್ರೆ ನಾನೇನ್ ಮಾಡ್ಲಿ? ಎರಡು ತುಂಡಾಗ್ಲಾ?"

ಮ್ಯಾನೇಜರು ತಲೆ ಓಡಿಸಿದರು. "ಅಲ್ಲಿ ನಿನ್ನ ಕೆಲಸ ಏನು? ನಿಧಾನ ಅನ್ನೋದು ತಾನೆ?" ಎಂದು ಮೊಬೈಲನ್ನು ಅವಳ ಬಾಯಿಗೆ ಹಿಡಿದರು. ಮರುದಿನ ಊಟದ ಮೇಜಿನ ಮೇಲೆ ಪುಟ್ಟ ಸ್ಪೀಕರ್ ಡಬ್ಬವೊಂದು ಕೂತು, ಅವಳದೇ ದನಿಯಲ್ಲಿ, ಬಿಟ್ಟು ಬಿಟ್ಟು ಹೇಳತೊಡಗಿತು: "ನಿಧಾನ, ಧಣಿ."

"ರಜಾ ಕೇಳಲ್ಲ, ಬೆನ್ನು ನೋವು ಅನ್ನಲ್ಲ" ಎಂದು ಮ್ಯಾನೇಜರು ಡಬ್ಬದ ತಲೆ ಸವರಿದರು.

"ಬಾಯೊಳಗೆ ನೋಡುತ್ತಾ ಸಾರ್?"

"ಎಲ್ಲಾದ್ರಲ್ಲೂ ಕೊಂಕು ತೆಗೀಬೇಡ."

ಮೊದಲ ದಿನ ಧಣಿ ಡಬ್ಬಕ್ಕೂ ಬಾಯಿ ತೆರೆದು ತೋರಿಸಿದ. ಅದು ಅಕ್ಕನಂತೆ ಭೇಷ್ ಅನ್ನಲಿಲ್ಲ. ಆಮೇಲೆ ತೋರಿಸುವುದನ್ನು ಬಿಟ್ಟ.

ತಪಾಸಣೆಯ ಅಧಿಕಾರಿ ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಮ್ಯಾನೇಜರು ಅವರನ್ನು ನೆಟ್ಟಗೆ ಡಬ್ಬದ ಮುಂದೆ ತಂದು ನಿಲ್ಲಿಸಿದರು. ಗುಬ್ಬಿ ಬಟ್ಟೆ ಗಲೀಜು ಮಾಡಿಕೊಂಡದ್ದೂ ಆಗಲೇ.

"ಸಾರ್, ಧಣಿ ಪಕ್ಕ ಸ್ವಲ್ಪ ಕೂತ್ಕೊಳ್ಳಿ" ಎಂದಳು ಅಕ್ಕ, ಗುಬ್ಬಿಯ ಕೈ ಹಿಡಿದು ಹೊರಡುತ್ತಾ.

"ಡಬ್ಬ ಕೂತಿದೆಯಲ್ಲ!"

ತೊಟ್ಟಿಗೆ ಇಳಿದ ಗುಬ್ಬಿಯ ಕೈ ಅದುರತೊಡಗಿತು, ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು. ಅಕ್ಕ ಅವಳ ತಲೆಯನ್ನು ತೋಳಿಗೆ ಆನಿಸಿಕೊಂಡು ನೀರು ಹೋಗಲೆಂದು ತೊಟ್ಟಿಯ ಬಿರಡೆ ಕಿತ್ತಳು. ಕಿವಿ ಮಾತ್ರ ಊಟದ ಕೋಣೆಯಲ್ಲೇ ಇತ್ತು. ಅಲ್ಲಿ ಚಮಚದ ಸದ್ದು ನಿಂತುಹೋಯಿತು. ಡಬ್ಬ ತಣ್ಣಗೆ ಅಂದಿತು: "ನಿಧಾನ, ಧಣಿ."

"ಸಾರ್! ಧಣಿಗೆ ಉಸಿರು ಕಟ್ಟಿದೆ! ಬಗ್ಗಿಸಿ ಗುದ್ದಿ!" ಎಂದು ಅಕ್ಕ ಅಲ್ಲಿಂದಲೇ ಕೂಗಿದಳು.

ಗಾಬರಿಯಲ್ಲಿ ಮ್ಯಾನೇಜರು ಡಬ್ಬಕ್ಕೆ ಗುದ್ದಿದರು. ಅದು ಇನ್ನೂ ಜೋರಾಗಿ "ನಿಧಾನ" ಅಂದಿತು.

"ಡಬ್ಬಕ್ಕಲ್ಲ ಸಾರ್, ಮನುಷ್ಯನ ಬೆನ್ನಿಗೆ!" ಸದ್ದು ಕೇಳಿಯೇ ಅಕ್ಕ ಅರಚಿದಳು.

ಅಧಿಕಾರಿ ಬಗ್ಗಿಸಿದರು, ಮ್ಯಾನೇಜರು ಗುದ್ದಿದರು. ಎಷ್ಟನೆಯದೋ ಗುದ್ದಿಗೆ ಬ್ರೆಡ್ಡಿನ ಮುದ್ದೆ ಹಾರಿ ಅಧಿಕಾರಿಯ ಬೂಟಿನ ಮೇಲೆ ಬಿತ್ತು. ಧಣಿ ಅಳುತ್ತಾ, ಬಾಯಿ ತೆರೆದು ಇಬ್ಬರಿಗೂ ತೋರಿಸಿದ.

ಗುಬ್ಬಿಗೆ ತಿಳಿವು ಬಂದ ಮೇಲೆ ಅವಳನ್ನು ಟವೆಲಿನಲ್ಲಿ ಸುತ್ತಿ ಪಕ್ಕದ ಕೋಣೆಯಲ್ಲಿ ಮಲಗಿಸಿ ಅಕ್ಕ ಬಂದಾಗ ಅಧಿಕಾರಿ ಬೂಟು ಒರೆಸಿಕೊಳ್ಳುತ್ತಿದ್ದರು.

"ಒಟ್ನಲ್ಲಿ ಪರವಾಗಿಲ್ಲ. ಅನಾಹುತದ ಹೊತ್ತಲ್ಲಿ ಮೂರು ಜನ ಇದ್ರು. ಸಾಕಾಯ್ತು."

"ಹೌದು ಸಾರ್, ಮೂರು ಜನ ಸಾಕಾಯ್ತು. ನಾಳೆ ಇಬ್ರೂ ಎಷ್ಟೊತ್ತಿಗೆ ಬರ್ತೀರಾ?"

"ತಮಾಷೆ ಮಾಡ್ತಾಳೆ" ಎಂದು ಮ್ಯಾನೇಜರು ನಕ್ಕರು.

ಅಕ್ಕ ನಗಲಿಲ್ಲ. ಡಬ್ಬದ ಬಾಯಿ ಮುಚ್ಚಿಸಿ ಮ್ಯಾನೇಜರ ಕೈಗೆ ಕೊಟ್ಟಳು. ಬ್ರೆಡ್ಡು ಎತ್ತಿಟ್ಟು, ಧಣಿಯ ಮುಂದೆ ಸೂಪಿನ ಬಟ್ಟಲನ್ನಷ್ಟೇ ಬಿಟ್ಟು, ಅವನ ಎರಡೂ ಪಕ್ಕಕ್ಕೆ ಒಂದೊಂದು ಕುರ್ಚಿ ಎಳೆದಳು. ಒಳಗಿನಿಂದ ಗುಬ್ಬಿ ಕರೆಯುತ್ತಿದ್ದಳು.

"ಕೂತ್ಕೊಳ್ಳಿ. ಅವನ ಊಟ ಇನ್ನೂ ಮುಗಿದಿಲ್ಲ" ಎಂದು ಒಳಗೆ ಹೋದಳು.

"ಇದು ನಿಮ್ಮ ಕೆಲಸ" ಎಂದರು ಅಧಿಕಾರಿ, ಮೆಲ್ಲಗೆ.

"ನಾನು ಮ್ಯಾನೇಜರು, ಸಾರ್."

ಧಣಿ ಕಾಲ ಮೇಲೆ ಕಾಲು ಹಾಕಿದ. ಚಮಚ ಎತ್ತಿ ಬಾಯಿಯ ಹತ್ತಿರ ಹಿಡಿದು, ಇಬ್ಬರಲ್ಲಿ ಯಾರು ಹೇಳುತ್ತಾರೆಂದು ಕಾದ.