ಸೊಳ್ಳೆ ಬರೆಸಿದ ಅರ್ಥ

ಉಪ್ಪುಖಾರ ಹಚ್ಚದ ನಿಜಸಂಗತಿ ಇದು. ಇದರಲ್ಲಿ ಸುಳ್ಳೆಂದರೆ ಸೊಳ್ಳೆಯೊಂದೇ.

ನಿಘಂಟು ತಯಾರಿಸುವ ಆ ಕಚೇರಿ ಎಂದರೆ ಒಂದೇ ಕೋಣೆ, ಮೂರು ಮೇಜು, ತಲೆಯ ಮೇಲೆ ಗೊರಗೊರ ಅನ್ನುವ ಫ್ಯಾನು. ಸಂಪಾದಕರಿಗೆ ಬೆನ್ನ ಹಿಂದಿನ ಹೆಸರು ಕತ್ತರಿ ಮಾವ. ಒಂದು ಪದದ ಅರ್ಥ ಇನ್ನೊಂದರ ಹತ್ತಿರ ಸುಳಿದರೆ ಸಾಕು, ಅದನ್ನು ಹೊಡೆದುಹಾಕಿ ‘ಇಂಥದ್ದು ನೋಡಿ’ ಎಂದು ಬರೆದು ಜಾಗ ಉಳಿಸುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಸೋದರಸೊಸೆಗೆ ಅವರು ನಿಜಕ್ಕೂ ಮಾವ. ಹಾಗಂತ ಕತ್ತರಿಯೇನೂ ಮೊಂಡಾಗಲಿಲ್ಲ.

ಅವಳು ಸ್ವಂತವಾಗಿ ಅರ್ಥ ಬರೆದ ಮೊದಲ ಪದ ‘ಮರುಕಳಿಸುವ’. ಸಂಜೆ ಪುಟ ಅಚ್ಚಿಗೆ ಹೋಗಬೇಕು. ಬೆಳಿಗ್ಗೆ ನೋಡಿದರೆ ಅವಳ ಸಾಲುಗಳ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ‘ನಿರಂತರ ನೋಡಿ’. ಬೇಡಿಕೊಂಡಳು, ವಾದಿಸಿದಳು, ಊಟದ ಡಬ್ಬಿಯಲ್ಲಿದ್ದ ಸಿಹಿಯನ್ನೂ ಕೊಟ್ಟಳು. ಸಿಹಿ ತಿಂದು ಮಾವ ಹೇಳಿದ್ದು ಇಷ್ಟೇ: “ಬಿಟ್ಟು ಬಂದರೇನು, ಬಿಡದೆ ಬಂದರೇನು, ತಲೆನೋವು ತಲೆನೋವೇ ಪುಟ್ಟಿ.”

ಅವಳ ಗಂಟಲು ಸಾಮಾನ್ಯದ್ದಲ್ಲ. ಕಾಲೇಜಿನಲ್ಲಿ ಪ್ರಾಂಶುಪಾಲರ ಕೆಮ್ಮು ಕೆಮ್ಮಿ ಇಡೀ ತರಗತಿಯನ್ನು ಎದ್ದು ನಿಲ್ಲಿಸಿದವಳು. ಊಟವಾದ ಮೇಲೆ ಮಾವ ಕರಡಿನಲ್ಲಿ ಮುಳುಗಿದಾಗ ಅವರ ಬೆನ್ನ ಹಿಂದಿದ್ದ ಅವಳ ಮೇಜಿನಿಂದ ಸಣ್ಣಗೆ ಗುಂಯ್ ಎನ್ನುತ್ತ ಒಂದು ಸೊಳ್ಳೆ ಹೊರಟಿತು. ಅವರು ಕಿವಿಯ ಬಳಿ ಕೈ ಬೀಸಿದರು, ನಿಂತಿತು. ಪೆನ್ನು ಕಾಗದಕ್ಕೆ ತಾಗಿತು, ಶುರುವಾಯಿತು. ತಮ್ಮ ಕೆನ್ನೆಗೆ ತಾವೇ ಬಾರಿಸಿಕೊಂಡರು, ಕರಡನ್ನು ಸುರುಳಿ ಸುತ್ತಿ ಗಾಳಿಗೆ ಬಡಿದರು, ಕುರ್ಚಿ ಹತ್ತಿ ಇಳಿದರು. ಟೈಪು ಮಾಡುವ ಅಕ್ಕ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಕೀಲಿಮಣೆಯ ಮೇಲೆ ಬಗ್ಗಿದರು.

“ನಿರಂತರ ಕಾಟ ಅಲ್ವಾ ಮಾವ?” ಎಂದಳು ಸೊಸೆ, ಕನಿಕರದಿಂದ.

“ಎಲ್ಲಿಯ ನಿರಂತರ? ನಿರಂತರ ಅಂದ್ರೆ ಈ ಫ್ಯಾನು. ಬೆಳಿಗ್ಗೆಯಿಂದ ಒಂದೇ ಸಮನೆ ಗೊರಗೊರ ಅಂತಿದೆ, ಕಿವಿಗೇ ಬೀಳಲ್ಲ. ಇದು ನಿಲ್ಲುತ್ತೆ, ಹೋಯ್ತು ಅಂತ ಉಸಿರು ಬಿಡೋಷ್ಟರಲ್ಲಿ ಮತ್ತೆ ಬರುತ್ತೆ. ಎರಡೂ ಒಂದೇನಾ?”

ಸೊಸೆ ಅವರ ಮಾತನ್ನು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು.

ಮಾವ ಅವಳ ಕೈ ನೋಡಿದರು. ಆಮೇಲೆ ಕತ್ತೆತ್ತಿ ಫ್ಯಾನು ನೋಡಿದರು. ಅದರ ಗಾಳಿಗೆ ಹಾರದಿರಲೆಂದು ಕಾಗದಗಳ ಮೇಲೇ ಕಲ್ಲು ಹೇರಿದ್ದರು. ಇನ್ನು ಅಂಥ ಗಾಳಿಯಲ್ಲಿ ಸೊಳ್ಳೆ ನಿಲ್ಲುವುದುಂಟೇ?

“ಎಲ್ಲಿ, ಇನ್ನೊಂದ್ಸಲ ಹಾರಿಸು ನಿನ್ನ ಸೊಳ್ಳೆನ.”

ಅವಳು ಅಳುಕುತ್ತಲೇ ಹಾರಿಸಿದಳು. ಎಲ್ಲ ಗೊತ್ತಿದ್ದೂ ಮಾವನ ಕೈ ಮತ್ತೆ ಕೆನ್ನೆಗೆ ಬಾರಿಸಿತು. ಕೈ ಅಲ್ಲಿರುವಾಗಲೇ ನಗು ಒತ್ತರಿಸಿ ಬಂತು. ನಗುತ್ತಲೇ ಕೆಂಪು ಗೀಟಿನ ಪಕ್ಕ ‘ಇರಲಿ’ ಎಂದು ಬರೆದರು. ಅಕ್ಕನೂ ಸೊಸೆಯೂ ನಕ್ಕು ಮುಗಿಸಿ ಕಣ್ಣೊರೆಸಿಕೊಂಡ ಮೇಲೂ ಮಾವನ ನಗು ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತಿತ್ತು, ಪ್ರತಿಸಲವೂ ಮೊದಲಿಗಿಂತ ಜೋರಾಗಿ.