ಸೋಮವಾರದ ಏಳು

ಸೀಮೆಸುಣ್ಣ ಮುರಿಯಿತು, ಬಲ ಮಣಿಕಟ್ಟು ತಿರುಗುವುದಿಲ್ಲ, ತಿರುಗಿಸಿದರೆ ಮೊಳಕೈವರೆಗೆ ಬೆಂಕಿ, ಆದರೂ ಮಾಲಾ ಎಡಗೈಯಿಂದ ಹಲಗೆಯ ಮೇಲೆ ಬರೆದೇ ಬರೆದಳು, ಏಳು, ಐದು, ನಾಲ್ಕು, ಎರಡು, ಮೂರು, ಸೊನ್ನೆ, ಸೊನ್ನೆ — ಇದು ಸಮಷ್ಟಿ, ಅಂದರೆ ಇಡೀ ಗುಂಪು, ಸರಾಸರಿ ಮೂರು, ಎರಡೆರಡಾಗಿ ಆರಿಸಿದರೆ ಇಪ್ಪತ್ತೊಂದು ಮಾದರಿಗಳು, ಪ್ರತಿಯೊಂದರ ಸರಾಸರಿ ತೆಗೆಯಿರಿ. ದಾಂಡೇಲಿಯ ಈ ಹುಡುಗಿಯರಿಗೆ ಇವು ಬರೀ ಅಂಕಿಗಳು, ಕಳೆದ ಸೋಮವಾರದಿಂದ ನಿನ್ನೆ ಭಾನುವಾರದವರೆಗೆ ಪಾಠ ಹೇಳುವವಳ ಮೈಮೇಲೆ ಬಿದ್ದ ಏಟುಗಳೆಂದು ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ, ಸೆರಗು ಹೊದ್ದುಕೊಂಡಳು, ಗಣೇಶಗುಡಿಯ ಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುವ ಆ ಹಳದಿ ಹುಟ್ಟಿನ ಏಟುಗಳು, ಅದೇ ಹುಟ್ಟಿನಿಂದ ನದಿಯಲ್ಲಿ ರಾಫ್ಟ್ ನಡೆಸಿ ಜನರನ್ನು ಬಂಡೆಗಳಿಂದ ಕಾಪಾಡುತ್ತಾನೆ ಗಂಡ ದಿನೇಶ, ಶನಿವಾರ ಭಾನುವಾರ ಪ್ರವಾಸಿಗರ ನೂಕುನುಗ್ಗಲು, ಸುಸ್ತಾಗಿ ಬಂದು ಉಂಡು ಮಲಗುತ್ತಾನೆ, ಸೊನ್ನೆ, ಸೋಮವಾರ ನದಿ ಖಾಲಿ, ಅವನೂ ಖಾಲಿ, ಏಳು. ಬಿಡುಗಡೆ ಬೇಕೆಂದು ಕೇಳಿದ್ದಳು, ಮದುವೆ ಮುರಿಯುವ ಮೊದಲು ಹಿರಿಯರು ಎರಡು ದಿನ ಆ ಮನೆಯಲ್ಲಿ ಉಂಡು, ಕಣ್ಣಾರೆ ಕಂಡು ಹೇಳಬೇಕು, ಅದು ಅವಳ ಮಂದಿಯ ಪದ್ಧತಿ, ಬಂದರು, ತಮಗೆ ರಜೆಯೆಂದು ಶನಿವಾರ ಭಾನುವಾರವೇ ಬಂದರು ಪುಣ್ಯಾತ್ಮರು — ಇಪ್ಪತ್ತೊಂದು ಜೋಡಿಯಲ್ಲಿ ಸೊನ್ನೆ ಸರಾಸರಿ ಬರುವುದು ಒಂದೇ ಒಂದು, ಅದನ್ನೇ ಹುಡುಕಿ ಹಿಡಿದರು — ಕೋಳಿ ಸಾರು ಉಂಡು ಕೈ ತೊಳೆಯುತ್ತ ಸೋದರಮಾವ ಭೋಜಪ್ಪ, ಎರಡ ದಿನಾ ಕುಂತು ನೋಡೀವಿ, ಒಂದ ಏಟೂ ಕಾಣಲಿಲ್ಲವ್ವಾ, ಅಂವಾ ಬಂಗಾರದಂಥಾ ಮನಶ್ಯಾ ಅದಾನ, ನೀನ ಹೊಂದ್ಕೊಂಡು ಹೋಗು, ಊದಿದ ಕೈ ತೋರಿಸಿದರೆ, ಎಲ್ಯರ ಬಿದ್ದಿರ್ಬೇಕ ಬಿಡು. ಮಿಸ್, ಎಲ್ಲಾ ಗೊತ್ತಿದ್ದ ಮ್ಯಾಲ ಸ್ಯಾಂಪಲ್ ಯಾಕ್ರಿ, ಎಂದಳು ಮುಂದಿನ ಬೆಂಚಿನ ನಸ್ರೀನ. ಗೊತ್ತಿರುವುದು ನನಗೆ, ತೀರ್ಪು ಕೊಡುವವರಿಗಲ್ಲ — ಹಾಗೆನ್ನಲಿಲ್ಲ, ಪರೀಕ್ಷಾಕ್ಕ ಬರತೈತಿ, ಬರಕೋರಿ, ಎಂದಳು. ಬೆಳಿಗ್ಗೆಯೇ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದ್ದಳು, ಮಾವಾ, ಒಂದ ಸಲ ಸೋಮವಾರ ಬರ್ರಿ, ಅವಗ ಹೇಳಬ್ಯಾಡ್ರಿ. ಆತು, ಐದರ ಬಸ್ಸಿಗೆ ಬರ್ತೇನಿ, ಏನೂ ಕಾಣದಿದ್ರ ಮತ್ತ ನನ್ನ ಕರೀಬ್ಯಾಡ, ಎಂದಿದ್ದ ಭೋಜಪ್ಪ. ಇದೊಂದೇ ಅವಕಾಶ ಉಳಿದಿತ್ತು.

ಐದೂ ಇಪ್ಪತ್ತು, ಮಾವ ಬರಬೇಕಾದ ಹಳಿಯಾಳದ ಬಸ್ಸು ಇನ್ನೂ ಇಲ್ಲ, ಮನೆಯ ಹೊಸಿಲು ದಾಟಿದಳು, ಮೊಳೆ ಬರಿದಾಗಿದೆ, ಹಳದಿ ಹುಟ್ಟು ಅವನ ಕೈಯಲ್ಲಿದೆ, ಎರಡ ದಿನಾ ಹಿರೇರ್ನ ತಂದ ಕುಂಡ್ರಸ್ತೀಯೇನ ನನ್ನ ಮನ್ಯಾಗ — ಒಂದು, ಬೆನ್ನಿಗೆ, ಉಸಿರು ಸಿಕ್ಕಿಬಿತ್ತು, ಎರಡು, ಮೂರು, ಅದೇ ಮಣಿಕಟ್ಟು, ಏನೋ ಲಟಕ್ಕೆಂದಿತು, ಏಳಕ್ಕೆ ಇವನ ಕೈ ಸೋಲುತ್ತದೆ, ಏಳಾದ ಮೇಲೆ ಮಾವ ಬಂದರೆ ಮತ್ತೆ ಸೊನ್ನೆ, ಮತ್ತೆ ಬಂಗಾರದಂಥ ಮನುಷ್ಯ, ದೇವರೇ, ಇವನು ನಿಲ್ಲಿಸದಿರಲಿ ಎಂದು ಬೇಡುತ್ತಿದ್ದಾಳೆ, ಜೀವಮಾನದಲ್ಲಿ ಮೊದಲ ಸಲ, ನಾಲ್ಕು, ಬಾಯಲ್ಲಿ ರಕ್ತದ ಉಪ್ಪು, ತಿರುವಿನಲ್ಲಿ ಬಸ್ಸಿನ ಹಾರ್ನು, ಅವನ ತೋಳು ಇಳಿಯುತ್ತಿದೆ, ಬೇಡ, ಇಳಿಸಬೇಡ, ಬೇಕೆಂದೇ ತಲೆಯೆತ್ತಿ ಕಣ್ಣಲ್ಲಿ ಕಣ್ಣಿಟ್ಟಳು, ಇಷ್ಟಽ ಏನು ನಿನ್ನ ಗಂಡಸ್ತನ, ಐದು, ಆರು, ನೆಲ ಕೆನ್ನೆಗೆ ತಾಗಿತು, ಅಂಗಳದಲ್ಲಿ ಚಪ್ಪಲಿಯ ಸದ್ದು, ಮಾಲವ್ವಾ, ಬಾಗಿಲಲ್ಲಿ ಭೋಜಪ್ಪ, ಕೈಯ ಬಾಳೆಹಣ್ಣಿನ ಚೀಲ ಜಾರಿಬಿತ್ತು, ನೋಡ್ರಿ ಮಾವಾ, ಕಣ್ಣ ಮುಚ್ಚಬ್ಯಾಡ್ರಿ, ನೋಡ್ರಿ, ಇದು ಸೋಮವಾರ — ಮೇಲೆ, ಹಂಚಿಗೆ ತಾಗುವಷ್ಟು ಮೇಲೆ, ಹಳದಿ ಹುಟ್ಟು, ಇನ್ನೂ ಬೀಳದ ಏಳನೆಯದು, ಹಳದಿ ಹುಟ್ಟು